ಯುದ್ಧಾನೇ ಮಾಡದ ಪೈಲಟ್‌ಗಳು ಯುದ್ಧಕಾಲದಲ್ಲಿ ಸತ್ತಿದ್ದು ಹೇಗೆ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಅಮೆರಿಕದಿಂದ ಬ್ರಿಟನ್‌ಗೆ ಹೋದ ಫೆರ್ರಿ ಪೈಲಟ್‌ಗಳು ಬಾಂಬ್ ಹಾಕ್ಲಿಲ್ಲ, ಗುಂಡು ಹಾರಿಸ್ಲಿಲ್ಲ ಅಂತೀರಿ, ಮತ್ತೆ ಸತ್ತಿದ್ದು ಯಾಕೆ?

ಉತ್ತರ: ಹೈವೇನಲ್ಲಿ ಬಾಡಿ ಕಟ್ಟದ ಲಾರಿ ಚಾಸಿಯನ್ನ, ಮುಖಕ್ಕೆ ಟವಲ್ ಸುತ್ಕೊಂಡು ಓಡಿಸ್ಕೊಂಡು ಹೋಗೋ ಡ್ರೈವರ್‌ಗಳನ್ನ ನೋಡಿರ್ತೀರ. ಗಾಡಿ ಅವರದಲ್ಲ, ಫ್ಯಾಕ್ಟರಿಯಿಂದ ತಗೊಂಡು ಹೋಗಿ ಒಪ್ಪಿಸ್ಬೇಕು ಅಷ್ಟೆ. ಫೆರ್ರಿ ಪೈಲಟ್ ಕೆಲಸಾನೂ ಅದೇ ಥರ, ಆದ್ರೆ ಆಕಾಶದಲ್ಲಿ. ಬ್ರಿಟನ್‌ನಲ್ಲಿ ಈ ಕೆಲಸಕ್ಕಂತಾನೇ ಇದ್ದ ಸಂಸ್ಥೆ ಏರ್ ಟ್ರಾನ್ಸ್‌ಪೋರ್ಟ್ ಆಕ್ಸಿಲಿಯರಿ, ಅಂದ್ರೆ ಎಟಿಎ, ಯುದ್ಧ ಮುಗಿಯೋವರೆಗೆ 3 ಲಕ್ಷಕ್ಕೂ ಹೆಚ್ಚು ವಿಮಾನ ಹೀಗೆ ತಲುಪಿಸ್ತು.

ಕಷ್ಟ ಏನಪ್ಪಾ ಅಂದ್ರೆ, ರೇಡಿಯೋ ಬಳಸೋ ಹಾಗಿಲ್ಲ, ಮೋಡದ ಕೆಳಗೇ ಹಾರ್ಬೇಕು, ರೈಲ್ವೆ ಹಳಿ, ನದಿ, ಚರ್ಚು ನೋಡ್ಕೊಂಡು ದಾರಿ ಹುಡುಕ್ಬೇಕು, ಊರುಗಳ ಸುತ್ತ ಶತ್ರು ವಿಮಾನ ತಡೆಯೋಕೆ ಉಕ್ಕಿನ ತಂತಿ ಕಟ್ಟಿ ಬಿಟ್ಟಿರೋ ಬಲೂನ್‌ಗಳು ಬೇರೆ. ಅದರ ಮೇಲೆ ಬೆಳಿಗ್ಗೆ ಒಂದು ಥರದ ವಿಮಾನ, ಮಧ್ಯಾಹ್ನ ಜೀವಮಾನದಲ್ಲೇ ಕೂತಿರದ ಇನ್ನೊಂದು. ಕೈಲಿರೋದು ರಿಂಗ್ ಹಾಕಿದ ಪುಟ್ಟ ನೋಟ್ಸ್ ಪುಸ್ತಕ. ಯಾವ ಸ್ಪೀಡಲ್ಲಿ ಏರ್ಬೇಕು, ಯಾವ ಸ್ಪೀಡಲ್ಲಿ ಇಳಿಸ್ಬೇಕು ಅಂತ ಹೊರಡೋ ಮುಂಚೆ ಅದರಲ್ಲಿ ಓದ್ಕೊಂಡು ಹತ್ತೋದು! ಆಗಿನ ಕಾಲಕ್ಕೇ ಜಗತ್ಪ್ರಸಿದ್ಧ ಪೈಲಟ್ ಆಗಿದ್ದ ಏಮಿ ಜಾನ್ಸನ್ 1941ರ ಜನವರಿಯಲ್ಲಿ ಬ್ಲ್ಯಾಕ್‌ಪೂಲ್‌ನಿಂದ ಆಕ್ಸ್‌ಫರ್ಡ್ ಹತ್ರದ ಕಿಡ್ಲಿಂಗ್ಟನ್‌ಗೆ ಹೊರಟೋರು ದಾರಿ ತಪ್ಪಿ ಥೇಮ್ಸ್ ಸಮುದ್ರ ಸೇರೋ ಕಡೆ ಬಿದ್ರು, ದೇಹ ಕೂಡ ಸಿಗ್ಲಿಲ್ಲ.

ಈಗ ನಿಮ್ಮ ಪ್ರಶ್ನೆಯ ಅಮೆರಿಕದೋರ ವಿಷಯ. ಬ್ರಿಟನ್‌ಗೆ ಪೈಲಟ್‌ಗಳು ಸಾಲ್ತಿರ್ಲಿಲ್ಲ, ಅತ್ತ ಅಮೆರಿಕದಲ್ಲಿ ಹೆಣ್ಮಕ್ಕಳಿಗೆ ಮಿಲಿಟರಿ ವಿಮಾನ ಮುಟ್ಟೋಕೆ ಬಿಡ್ತಿರ್ಲಿಲ್ಲ, ಹಂಗಾಗಿ ಅಲ್ಲಿನ ಹೆಸರಾಂತ ಮಹಿಳಾ ಪೈಲಟ್ ಜ್ಯಾಕ್ಲಿನ್ ಕಾಕ್ರನ್ 25 ಜನ ಮಹಿಳಾ ಪೈಲಟ್‌ಗಳನ್ನ ಆರಿಸಿ 1942ರಲ್ಲಿ ಎಟಿಎಗೆ ಸೇರಿಸೋಕೆ ಹೊರಟ್ರು. ಅವರಲ್ಲಿ ಒಬ್ರು ಮೇರಿ ವೆಬ್ ನಿಕೋಲ್ಸನ್, ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೋದೋರು, ಆ ರಾಜ್ಯದಲ್ಲಿ ಪೈಲಟ್ ಲೈಸೆನ್ಸ್ ತಗೊಂಡ ಮೊದಮೊದಲ ಹೆಂಗಸರಲ್ಲಿ ಒಬ್ರು.

1943 ಮೇ 22ರಂದು ಅವರು ಹಾರಿಸ್ತಿದ್ದಿದ್ದು ಮೈಲ್ಸ್ ಮಾಸ್ಟರ್, ಅಂದ್ರೆ ಫೈಟರ್ ಪೈಲಟ್ ಆಗೋರಿಗೆ ಕಲಿಸೋ ಎರಡು ಸೀಟಿನ ವಿಮಾನ. ವುಸ್ಟರ್‌ಶೈರ್‌ನ ಲಿಟಲ್‌ವರ್ತ್ ಹತ್ರ ಬಂದಾಗ ಪ್ರೊಪೆಲ್ಲರ್ ಗೇರಿಗೆ ಆಯಿಲ್ ಹೋಗದೆ ಅದು ಜಾಮ್ ಆಗಿ, ಪ್ರೊಪೆಲ್ಲರ್ರೇ ಕಳಚಿ ಹೋಯ್ತು. ಇರೋದು ಒಂದೇ ಎಂಜಿನ್. ಇಂಥಾ ಹೊತ್ತಲ್ಲಿ ಎತ್ತರ ಇದ್ರೆ ಸ್ವಲ್ಪ ಟೈಮ್ ಸಿಗುತ್ತೆ, ಕೆಳಗೆ ಹಾರ್ತಿದ್ರೆ ಪ್ಯಾರಾಶೂಟ್ ಇದ್ರೂ ಬಿಚ್ಕೊಳ್ಳೋಕೆ ಟೈಮ್ ಇರಲ್ಲ, ಕಣ್ಣಿಗೆ ಬಿದ್ದ ಹೊಲದಲ್ಲಿ ಇಳಿಸ್ಬೇಕು ಅಷ್ಟೆ. ಮೇರಿ ಹೊಲದಲ್ಲಿ ಇಳಿಸೋಕೆ ನೋಡಿದ್ರು, ವಿಮಾನ ಹೋಗಿ ರೈತರ ಕಟ್ಟಡಕ್ಕೆ ಹೊಡೀತು, ಬೆಂಕಿ ಹತ್ಕೊಂಡ್ತು.

ಅಲ್ಲಿ ಶತ್ರು ಯಾರೂ ಇರ್ಲಿಲ್ಲ, ಹಂಗಂತ ಅದನ್ನ ಬರೀ ಆಕ್ಸಿಡೆಂಟ್ ಅನ್ನೋಕೆ ನಂಗೆ ಮನಸ್ಸು ಬರಲ್ಲ. ಕಲಿಯೋರಿಗೆ ಆ ವಿಮಾನ ಬೇಕಿತ್ತು, ಅದನ್ನ ತಲುಪಿಸೋ ಪೈಲಟ್ ಇದ್ದಿದ್ರಿಂದ್ಲೇ ಇನ್ನೊಬ್ಬ ಪೈಲಟ್ ಯುದ್ಧಕ್ಕೆ ಹೋಗೋಕಾಯ್ತು. ಎಟಿಎಯಲ್ಲಿ ಹೀಗೆ ಗಂಡಸ್ರು ಹೆಂಗಸ್ರು ಸೇರಿ 170ಕ್ಕೂ ಹೆಚ್ಚು ಜನ ಸತ್ರು, ಕಾಕ್ರನ್ ಆರಿಸಿದ ಆ ಅಮೆರಿಕದ ಹೆಣ್ಮಕ್ಕಳಲ್ಲಿ ಅಲ್ಲೇ ಪ್ರಾಣ ಬಿಟ್ಟಿದ್ದು ಮೇರಿ ಒಬ್ರೇ.