ಪ್ಲಾನ್ ಏರಿಸುವ ಮೊದಲು ಒಂದು ವೈರ್ ಎಳೆಸಿ

"ದೊಡ್ಡ ಪ್ಲಾನ್ ಹಾಕಿಸಿದ್ದೇವೆ ಮಾರಾಯ್ರೇ, ಆದರೂ ಮಗನ ಗೇಮ್ ಲ್ಯಾಗ್ ಆಗ್ತದೆ." ಮಕ್ಕಳಿಗೆ ರಜೆ ಶುರುವಾದರೆ ಸಾಕು, ಇಂಥ ಫೋನ್ ನಿಲ್ಲುವುದೇ ಇಲ್ಲ. ಮಂಗಳೂರು, ಉಡುಪಿಯ ಮನೆಗಳಿಗೆ ನೆಟ್ ಜೋಡಿಸಿಕೊಡುವುದು ನನ್ನ ಕೆಲಸ. ಹೋಗಿ ನೋಡಿದರೆ ಹೆಚ್ಚಿನ ಕಡೆ ರೂಟರ್ ಕೆಳಗೆ ಚಾವಡಿಯಲ್ಲಿ, ಗೇಮ್ ಆಡುವ ಪ್ಲೇಸ್ಟೇಷನ್ ಮಾಳಿಗೆಯ ಕೋಣೆಯಲ್ಲಿ, ಟಿವಿಯ ಹಿಂದೆ. ನಡುವೆ ಒಂದು ಸ್ಲ್ಯಾಬ್, ಎರಡು ಗೋಡೆ. ಅದೂ ನಮ್ಮ ಕೆಂಪುಕಲ್ಲಿನ ದಪ್ಪ ಗೋಡೆ, ಮಳೆಗಾಲದಲ್ಲಿ ನೀರು ಕುಡಿದು ಕೂತಿರುತ್ತದೆ. ವೈಫೈ ಅಲ್ಲಿಗೆ ಮುಟ್ಟುವಾಗ ಉಳಿಯುವುದೇ ಸ್ವಲ್ಪ. ವೈಫೈ ಹೋಗುವುದು ಸಾಮಾನ್ಯವಾಗಿ 2.4 ಅಥವಾ 5 ಗಿಗಾಹರ್ಟ್ಸ್ ತರಂಗದಲ್ಲಿ; 5 ಆದರೆ ಇನ್ನೂ ಕಡಿಮೆ.

ದಯವಿಟ್ಟು ಇದೊಂದನ್ನು ಅರ್ಥ ಮಾಡಿಕೊಳ್ಳಿ. ನೀವು ದುಡ್ಡು ಕೊಟ್ಟು ಏರಿಸುವುದು ಎಂಬಿಪಿಎಸ್, ಅಂದರೆ ಒಂದು ಸೆಕೆಂಡಿಗೆ ಎಷ್ಟು ಡೇಟಾ ಬರಬಹುದು ಎಂಬುದು. ಹುಡುಗನ ಆಟ ಕೆಡುವುದು ಪಿಂಗ್‌ನಿಂದ, ಅಂದರೆ ಅವನು ಬಟನ್ ಒತ್ತಿದ ಸುದ್ದಿ ಸರ್ವರ್‌ಗೆ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತಿನಿಂದ. ಬಸ್ಸಿನಲ್ಲಿ ಸೀಟು ಜಾಸ್ತಿ ಇದ್ದ ಮಾತ್ರಕ್ಕೆ ಉಡುಪಿಗೆ ಬೇಗ ಮುಟ್ಟುವುದಿಲ್ಲ, ಅಲ್ವಾ? 80 ಜಿಬಿಯ ಗೇಮ್ ಇಳಿಸಿಕೊಳ್ಳಲು ಎಂಬಿಪಿಎಸ್ ಬೇಕು, ಸರಿ. ಆದರೆ ಆನ್‌ಲೈನ್ ಆಡುವಾಗ ಹೋಗಿ ಬರುವ ಡೇಟಾ ತೀರಾ ಕಡಿಮೆ. ಅದು ತಡವಾಗದೆ, ಒಂದೇ ಹದದಲ್ಲಿ ಬರಬೇಕು ಅಷ್ಟೇ. ವೈಫೈಯಲ್ಲಿ ಆ ಹದ ಸಿಗುವುದು ಕಷ್ಟ. ಗಾಳಿಯಲ್ಲಿ ಕಳೆದುಹೋದದ್ದನ್ನು ಮತ್ತೆ ಮತ್ತೆ ಕಳಿಸಬೇಕಾಗುತ್ತದೆ, ಒಂದು ಚಾನೆಲ್‌ನಲ್ಲಿ, ಅಂದರೆ ವೈಫೈಯ ಒಂದೇ ದಾರಿಯಲ್ಲಿ, ಇರುವವರೆಲ್ಲ ಸರದಿ ಕಾಯಬೇಕಾಗುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರುವುದೇ ಮೂರು: 1, 6, 11. ಕದ್ರಿ, ಬಿಜೈಯಂಥ ಕಡೆ ಫ್ಲ್ಯಾಟಿನಲ್ಲಿ ಫೋನ್ ತೆಗೆದು ನೋಡಿ, ಅಕ್ಕಪಕ್ಕದವರ ರೂಟರುಗಳೆಲ್ಲ ಸಾಲಾಗಿ ಕಾಣುತ್ತವೆ. ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲದಕ್ಕೂ ಅದೇ ಜಾಗ. 2013ರ ಮೊದಲ ಪಿಎಸ್4ಗೆ (ಪ್ಲೇಸ್ಟೇಷನ್ 4) 5 ಗಿಗಾಹರ್ಟ್ಸ್ ಹಿಡಿಯಲಿಕ್ಕೇ ಬರುವುದಿಲ್ಲ.

ಹಾಗಾಗಿ ರೂಟರ್‌ನಿಂದ ಪ್ಲೇಸ್ಟೇಷನ್‌ಗೆ ನೇರ ಲ್ಯಾನ್ ಕೇಬಲ್ ಹಾಕಿ. ಕ್ಯಾಟ್ 5ಇ ದರ್ಜೆಯದ್ದು ಸಾಕು, 100 ಮೀಟರ್‌ವರೆಗೆ 1 ಜಿಬಿಪಿಎಸ್ (1000 ಎಂಬಿಪಿಎಸ್) ವೇಗ ಕೊಡುತ್ತದೆ. ಒಳಗಿನ ಎಂಟು ತಂತಿಯನ್ನೂ ತುದಿಯ ಪ್ಲಗ್ಗಿಗೆ ಒತ್ತಿ ಕೂರಿಸಿ ಕ್ರಿಂಪ್ ಮಾಡಿದ್ದಾರಾ ನೋಡಿ. ನಾಲ್ಕೇ ಮಾಡಿದರೆ 100 ಎಂಬಿಪಿಎಸ್‌ಗೆ ನಿಂತುಬಿಡುತ್ತದೆ. ನಿಂಟೆಂಡೊ ಸ್ವಿಚ್ ಎಂಬ ಗೇಮ್ ಯಂತ್ರವನ್ನು ಟಿವಿಗೆ ಜೋಡಿಸುವ ಮೊದಲ ಡಾಕ್‌ಗೆ ಲ್ಯಾನ್ ಪೋರ್ಟ್ ಇಲ್ಲ, ಯುಎಸ್‌ಬಿ ಅಡಾಪ್ಟರ್ ಬೇಕು.

"ಗೋಡೆಗೆ ತೂತು ಬೇಡ" ಅನ್ನುವವರೇ ಜಾಸ್ತಿ. ಕಟಪಾಡಿ ಹತ್ತಿರ ಒಂದು ಮನೆಯಲ್ಲಿ ಅಜ್ಜಿ ಸುತರಾಂ ಒಪ್ಪಲಿಲ್ಲ. ಮದುವೆಗೆಂದು ಆಗಷ್ಟೇ ಪೇಂಟ್ ಆಗಿತ್ತು, ಅವರ ಮಾತೂ ಸರಿಯೇ. ನಾನು ಮೆಟ್ಟಿಲ ಮೇಲೆ ಸುಮ್ನೆ ಉದ್ದಕ್ಕೆ ಕೇಬಲ್ ಬಿಟ್ಟು, ಒಂದು ದಿನ ಆಡಿ ನೋಡಲಿ ಅಂದೆ. ಮರುದಿನ ಹೋದರೆ ಅಜ್ಜಿಯೇ ಕೈಹಿಡಿದು ಕರೆದುಕೊಂಡು ಹೋಗಿ ಹಳೆ ಡಿಶ್ ವೈರಿನ ತೂತು ತೋರಿಸಿದರು, "ಇದರಲ್ಲಿ ಹಾಕು ಮಗಾ, ಹುಡುಗನ ಬೊಬ್ಬೆ ನಿಂತಿದೆ" ಅಂತ. ಆ ಅಜ್ಜಿ ನನಗೆ ಬಹಳ ಇಷ್ಟವಾದರು. ನೀವೂ ಮೊದಲು ಹೀಗೇ ನೆಲದ ಮೇಲೆ ಬಿಟ್ಟು ನೋಡಿ, ಕೇಸಿಂಗ್ ಆಮೇಲೆ ಹೊಡೆಸಿ.

ಕೇಬಲ್ ಹಾಕಿದ ಮೇಲೂ ಪೂರ್ತಿ ಸರಿಯಾಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಗೇಮ್ ಸರ್ವರ್ ಸಿಂಗಾಪುರದಲ್ಲಿದ್ದರೆ ಆ ದೂರವನ್ನು ಯಾವ ವೈರೂ ಕಡಿಮೆ ಮಾಡುವುದಿಲ್ಲ. ಆಟ ಚೆನ್ನಾಗಿದ್ದು ಗೆಳೆಯರ ಜೊತೆ ಮಾತಾಡಲು ಮಾತ್ರ ಆಗುವುದಿಲ್ಲ ಅಂದರೆ ಅದು ಬೇರೆ ತೊಂದರೆ. ಪ್ಲೇಸ್ಟೇಷನ್‌ನ ನೆಟ್‌ವರ್ಕ್ ಟೆಸ್ಟಿನಲ್ಲಿ ನ್ಯಾಟ್ ಟೈಪ್ 3 ಅಂತ ಬರುತ್ತದಾ ನೋಡಿ, ಅಂದರೆ ಹೊರಗಿನವರು ನಿಮ್ಮ ಪ್ಲೇಸ್ಟೇಷನ್‌ಗೆ ನೇರ ಸಂಪರ್ಕ ಮಾಡಲು ಕಷ್ಟ ಅಂತ. ಬಂದರೆ, ನೆಟ್‌ನವರು ಕೊಟ್ಟ ಫೈಬರ್ ಬಾಕ್ಸಿಗೆ ನೀವೇ ತಂದ ಇನ್ನೊಂದು ರೂಟರ್ ಜೋಡಿಸಿದೆಯಾ ಅಂತ ಹುಡುಕಿ. ಇದ್ದರೆ ಅದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ, ಅಂದರೆ ಅದು ರೂಟರ್ ಕೆಲಸ ಬಿಟ್ಟು ನೆಟ್ ಹಂಚುವಷ್ಟೇ ಮಾಡುವಂತೆ, ಹಾಕಿ. ಇಲ್ಲದಿದ್ದರೆ ನೆಟ್ ಕೊಡುವವರ ಹತ್ತಿರ ಪಬ್ಲಿಕ್ ಐಪಿ, ಅಂದರೆ ಬೇರೆ ಮನೆಗಳ ಜೊತೆ ಹಂಚಿಕೊಳ್ಳದ ಇಂಟರ್ನೆಟ್ ವಿಳಾಸ, ಕೇಳಿ.

ಇನ್ನು, ಕೇಬಲ್ ಮನೆಯ ಹೊರಗಿಂದ, ಅಂಗಳ ದಾಟಿ ಹೋಗುವುದಾದರೆ ಸಿಡಿಲಿನ ಬಗ್ಗೆ ಎಚ್ಚರ. ಫೈಬರ್‌ನ ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ತಾಮ್ರದ ಲ್ಯಾನ್ ಕೇಬಲ್‌ನಲ್ಲಿ ಹರಿಯುತ್ತದೆ. ಮೋಡ ಕಟ್ಟುವಾಗಲೇ ಎರಡೂ ತುದಿ ಕಿತ್ತಿಡಿ, ಪವರ್ ಪ್ಲಗ್ ಕೂಡ. ಗುಡುಗು ಶುರುವಾದ ಮೇಲೆ ಮುಟ್ಟಲು ಹೋಗಬೇಡಿ.