ಆರ್ಡಿನೆನ್ಸ್ ಎಂದರೆ ಎಲ್ಲ ಕಡೆ ಸುಗ್ರೀವಾಜ್ಞೆ ಅಲ್ಲ: ವಿದ್ಯಾರ್ಥಿ ಸಲಹಾ ಆಯೋಗದ ಟಿಪ್ಪಣಿ

ಮೊನ್ನೆ ಇಂಟರ್ನಲ್ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ಅಮೆರಿಕದ ಕಾಲೇಜು ಊರಿನ ನಗರ ಆಡಳಿತದಲ್ಲಿ ವಿದ್ಯಾರ್ಥಿ ಸಲಹಾ ಆಯೋಗವನ್ನು ಹೇಗೆ ರಚಿಸುತ್ತಾರೆ? ನಾನು ಎರಡು ಪುಟ ಬರೆದೆ. ಅರ್ಧಕ್ಕಿಂತ ಜಾಸ್ತಿ ತಪ್ಪು. ಟೀಚರ್ ಒಂದೇ ಶಬ್ದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಬದಿಯಲ್ಲಿ "ಇದನ್ನು ಹೊರಡಿಸುವವರು ಯಾರು?" ಎಂದು ಬರೆದಿದ್ದರು. ಆ ಶಬ್ದ ಸುಗ್ರೀವಾಜ್ಞೆ. ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸ್ ಮುಗಿಸಿ ಈಗ ಇಂಗ್ಲಿಷ್ ಪುಸ್ತಕ ಓದುತ್ತಿರುವ ನಮ್ಮಂಥವರು ಎಡವುವುದು ಇಲ್ಲೇ. ಮರೆಯುವ ಮೊದಲು ಬರೆದಿಡುತ್ತೇನೆ.

ವಿಷಯ ಏನು?

ಅಮೆರಿಕದಲ್ಲಿ ವಿಶ್ವವಿದ್ಯಾಲಯವನ್ನೇ ನಂಬಿಕೊಂಡ ನಗರಗಳಿವೆ. ಇಥಾಕಾ, ಐಯೋವಾ ಸಿಟಿ, ಡೇವಿಸ್, ಲಾರೆನ್ಸ್ ಹೀಗೆ. ವಿದ್ಯಾರ್ಥಿಗಳು ಅಲ್ಲೇ ಬಾಡಿಗೆಗೆ ಇರುತ್ತಾರೆ. ಮನೆ ಬಾಡಿಗೆಯ ನಿಯಮ, ಬೀದಿ ದೀಪ, ಬಸ್, ಎಲ್ಲದರಲ್ಲೂ ನಗರದ ತೀರ್ಮಾನ ಅವರಿಗೆ ತಟ್ಟುತ್ತದೆ. ಅಮೆರಿಕ ಸಂವಿಧಾನದ 1971ರ 26ನೇ ತಿದ್ದುಪಡಿಯಿಂದ 18ಕ್ಕೇ ವೋಟು ಸಿಕ್ಕಿತು. ಆದರೆ ನಾಲ್ಕು ವರ್ಷಕ್ಕೆ ಊರು ಬಿಡುವವರು ನಗರ ಕೌನ್ಸಿಲಿಗೆ, ಅಂದರೆ ಅಲ್ಲಿನ ಚುನಾಯಿತ ನಗರಸಭೆಗೆ, ನಿಲ್ಲುವುದು ಅಪರೂಪ. ಇಥಾಕಾದಲ್ಲಿ ಸ್ವಾಂಟೆ ಮೈರಿಕ್ ಅಲ್ಲಿನ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗಲೇ ಕೌನ್ಸಿಲಿಗೆ ಗೆದ್ದು, 2012ರಲ್ಲಿ 24ನೇ ವಯಸ್ಸಿಗೆ ಮೇಯರ್ ಆದರು. ಎಲ್ಲರಿಂದ ಅದು ಆಗುವುದಿಲ್ಲ, ಅಲ್ವಾ? ಅದಕ್ಕೇ ಸಲಹಾ ಆಯೋಗ. ಕೌನ್ಸಿಲ್ ನೇಮಿಸುತ್ತದೆ, ಆಯೋಗ ಸಲಹೆ ಕೊಡುತ್ತದೆ, ಕೊನೆಯ ವೋಟು ಕೌನ್ಸಿಲಿನದ್ದೇ.

ನಾನು ಎಡವಿದ ಜಾಗ

ಆಯೋಗ ಎರಡು ದಾರಿಯಲ್ಲಿ ಹುಟ್ಟಬಹುದು. ಒಂದು ಆರ್ಡಿನೆನ್ಸ್. ಇನ್ನೊಂದು ರೆಸಲ್ಯೂಷನ್, ಅಂದರೆ ನಿರ್ಣಯ. ಯಾವುದು ಗಟ್ಟಿ?

ನಾನು ಬರೆದದ್ದು ಹೀಗೆ: "ಸುಗ್ರೀವಾಜ್ಞೆ ತಾತ್ಕಾಲಿಕ. ಆದ್ದರಿಂದ ಮೊದಲು ಸುಗ್ರೀವಾಜ್ಞೆ ಹೊರಡಿಸಿ, ಆಮೇಲೆ ನಿರ್ಣಯದಿಂದ ಕಾಯಂ ಮಾಡಬೇಕು." ಪೂರ್ತಿ ತಲೆಕೆಳಗು.

ಯಾಕೆ ಹೀಗಾಯಿತು? ನಮ್ಮ ತಲೆಯಲ್ಲಿ ಆರ್ಡಿನೆನ್ಸ್ ಎಂದ ಕೂಡಲೇ ಸುಗ್ರೀವಾಜ್ಞೆ ಬಂದು ಕೂರುತ್ತದೆ. ನಮ್ಮ ಸಂವಿಧಾನದ 123ನೇ ವಿಧಿಯಲ್ಲಿ ರಾಷ್ಟ್ರಪತಿ, 213ರಲ್ಲಿ ರಾಜ್ಯಪಾಲರು. ಸದನ ಸೇರಿಲ್ಲದಾಗ ಹೊರಡಿಸುವುದು. ಸದನ ಮತ್ತೆ ಸೇರಿ ಒಪ್ಪದಿದ್ದರೆ 6 ವಾರಕ್ಕೆ ಮುಗಿಯಿತು. ಇದನ್ನು ಬಾಯಿಪಾಠ ಮಾಡಿ ಮಾಡಿ, ಆರ್ಡಿನೆನ್ಸ್ ಎಂದರೆ ಆಯುಷ್ಯ ಕಡಿಮೆಯದ್ದು ಎಂದು ಮನಸ್ಸಿಗೆ ಹತ್ತಿಬಿಟ್ಟಿದೆ.

ಅಮೆರಿಕದ ನಗರದಲ್ಲಿ ಅದೇ ಶಬ್ದಕ್ಕೆ ಬೇರೆ ಅರ್ಥ. ಅಲ್ಲಿ ಆರ್ಡಿನೆನ್ಸ್ ಎಂದರೆ ನಗರ ಕೌನ್ಸಿಲ್ ಮಾಡುವ ಸ್ಥಳೀಯ ಕಾನೂನು. ಕೌನ್ಸಿಲ್ ಸೇರಿದಾಗಲೇ ಅದು ಆಗುವುದು. ಸಾಮಾನ್ಯವಾಗಿ ಬೇರೆ ಬೇರೆ ಸಭೆಗಳಲ್ಲಿ ಎರಡು ಸಲ ವಾಚನ, ಅಂದರೆ ಕರಡನ್ನು ಸಭೆಯ ಮುಂದಿಡುವುದು, ಆಗಬೇಕು. ಪಾಸಾದ ಮೇಲೆ ನಗರದ ಕಾನೂನು ಪುಸ್ತಕದಲ್ಲಿ ಸೇರುತ್ತದೆ. ರದ್ದು ಮಾಡುವವರೆಗೆ ಇರುತ್ತದೆ. ನಮ್ಮ ಕಡೆ ಹತ್ತಿರದ ಶಬ್ದ ಬೇಕೆಂದರೆ ನಗರಸಭೆಯ ಬೈಲಾ.

ನಿರ್ಣಯ ಹಗುರ. ಒಂದು ಸಭೆ, ಒಂದು ವೋಟು, ಆಯಿತು. ಬೇಗ ಆಗುತ್ತದೆ ಎನ್ನುವುದು ಅದರ ಒಳ್ಳೆಯ ಗುಣ. ಆದರೆ ಮುಂದಿನ ಚುನಾವಣೆಯಲ್ಲಿ ಗೆದ್ದು ಬಂದ ಹೊಸ ಕೌನ್ಸಿಲಿಗೆ ಬೇಡವಾದರೆ, ಅಷ್ಟೇ ಬೇಗ ಹೋಗುತ್ತದೆ.

ಈಗ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ತೆಗೆಯಲು ಏನು ಬೇಕು? ಹುಟ್ಟಿಸಲು ಏನು ಬೇಕು ಎಂದು ನೆನಪಿಡುವುದಕ್ಕಿಂತ ಇದು ಸುಲಭ. ನಿರ್ಣಯದಿಂದ ಹುಟ್ಟಿದ್ದನ್ನು ಇನ್ನೊಂದು ನಿರ್ಣಯ ತೆಗೆಯುತ್ತದೆ. ಆರ್ಡಿನೆನ್ಸ್‌ನಿಂದ ಹುಟ್ಟಿದ್ದಕ್ಕೆ ಇನ್ನೊಂದು ಆರ್ಡಿನೆನ್ಸೇ ಬೇಕು, ಮತ್ತೆ ಎರಡು ವಾಚನ. ಅಷ್ಟರಲ್ಲಿ ವಿದ್ಯಾರ್ಥಿಗಳಿಗೆ ಸಭೆಗೆ ಬಂದು ಮಾತಾಡಲು ಸಮಯ ಸಿಗುತ್ತದೆ.

ಇದನ್ನೇ ನಮ್ಮೂರಿಗೆ ಹಾಕಿ ನೋಡಿ. ಕಾಸರಗೋಡು ನಗರಸಭೆಯ ವಾರ್ಡು ಸಭೆಯನ್ನು ತೆಗೆಯಲು ಏನು ಬೇಕು? ಅದು 1994ರ ಕೇರಳ ಮುನಿಸಿಪಾಲಿಟಿ ಕಾಯ್ದೆಯಲ್ಲೇ ಇದೆ. ನಗರಸಭೆ ಮುಟ್ಟುವ ಹಾಗಿಲ್ಲ, ತಿರುವನಂತಪುರದಲ್ಲಿ ವಿಧಾನಸಭೆಯೇ ತಿದ್ದಬೇಕು. ನಾಳೆ ನಗರಸಭೆ ಸುಮ್ನೆ ಒಂದು ನಿರ್ಣಯ ಮಾಡಿ ವಿದ್ಯಾರ್ಥಿ ಸಮಿತಿ ಕಟ್ಟಿದರೆ? ಅದನ್ನು ತೆಗೆಯಲು ಇನ್ನೊಂದು ನಿರ್ಣಯ ಸಾಕು. ಹೀಗೆ ನೋಡಿದ ಮೇಲೆ ನನಗೆ ಗೊಂದಲ ಆಗಿಲ್ಲ.

"ಆಯೋಗ" ಎಂಬ ಶಬ್ದ

ಚುನಾವಣಾ ಆಯೋಗ ನೋಡಿದ ನಮಗೆ ಆಯೋಗ ಎಂದರೆ ಅಧಿಕಾರ ಇರುವ ಸಂಸ್ಥೆ. ಇಲ್ಲಿ ಹಾಗಲ್ಲ, ಇದು ಸಲಹಾ ಸಮಿತಿ ಅಷ್ಟೇ. ಇನ್ನೊಂದು ತೊಡಕು: ಕಾನ್ಸಾಸಿನ ಲಾರೆನ್ಸ್‌ನಲ್ಲಿ ಚುನಾಯಿತ ಕೌನ್ಸಿಲಿಗೇ ಸಿಟಿ ಕಮಿಷನ್ ಎಂದು ಹೆಸರು. ಉತ್ತರ ಬರೆಯುವಾಗ ಯಾವ ಕಮಿಷನ್ ಎಂದು ಮೊದಲ ಸಾಲಿನಲ್ಲೇ ಹೇಳಿಬಿಡಿ.

ಆರ್ಡಿನೆನ್ಸಿನ ಒಳಗೆ ಏನು ಬರೆಯಬೇಕು?

ಎಷ್ಟು ಸ್ಥಾನ, ನೇಮಿಸುವವರು ಯಾರು, ಅವಧಿ ಎಷ್ಟು, ಯಾವ ವಿಷಯ. ಇವು ಎಲ್ಲ ನೋಟ್ಸ್‌ನಲ್ಲೂ ಇವೆ. ನನ್ನ ಪ್ರಕಾರ ಇದಕ್ಕಿಂತ ಮುಖ್ಯವಾದ ಸಾಲು ಬೇರೆ: ಆಯೋಗ ಕೊಟ್ಟ ಸಲಹೆಗೆ ಕೌನ್ಸಿಲ್ ಇಷ್ಟು ದಿನದೊಳಗೆ ಉತ್ತರ ಕೊಡಬೇಕು. ಈ ಸಾಲು ಇಲ್ಲದಿದ್ದರೆ ಸಲಹೆ ಫೈಲಿನಲ್ಲೇ ಉಳಿಯುತ್ತದೆ.

ಕೋರಂ, ಅಂದರೆ ಸಭೆ ನಡೆಯಲು ಕನಿಷ್ಠ ಎಷ್ಟು ಜನ ಬೇಕು ಎನ್ನುವ ಲೆಕ್ಕವನ್ನೂ ಮರೆಯಬೇಡಿ. 11 ಸ್ಥಾನ ಇದ್ದು ಅರ್ಧಕ್ಕಿಂತ ಜಾಸ್ತಿ ಎಂದರೆ 6 ಜನ ಬೇಕು. ಮೇ ತಿಂಗಳಲ್ಲಿ ಕೊನೆಯ ವರ್ಷದ 5 ಜನ ಊರಿಗೆ ಹೋದರು. ಉಳಿದದ್ದು ಸರಿಯಾಗಿ 6. ಒಬ್ಬರಿಗೆ ಜ್ವರ ಬಂದರೆ ಸಭೆ ಇಲ್ಲ. ಅದಕ್ಕೇ ಅವಧಿಯನ್ನು ಕಾಲೇಜು ಶುರುವಾಗುವ ತಿಂಗಳಿಂದ ಎಣಿಸಬೇಕು, ಬದಲಿ ಸದಸ್ಯರನ್ನೂ ಇಡಬೇಕು.

ಕ್ಯಾಲಿಫೋರ್ನಿಯಾದಲ್ಲಾದರೆ 1953ರ ಬ್ರೌನ್ ಕಾಯ್ದೆಯೂ ಬರುತ್ತದೆ. ಕೌನ್ಸಿಲ್ ವಿಧಿವತ್ತಾಗಿ ರಚಿಸಿದ ಸಲಹಾ ಸಮಿತಿಯೂ ತೆರೆದ ಸಭೆ ನಡೆಸಬೇಕು. ಮಾಮೂಲಿ ಸಭೆಗೆ 72 ಗಂಟೆ ಮೊದಲೇ ಅಜೆಂಡಾ ಪ್ರಕಟಿಸಬೇಕು.

"ವಾಸಿಸುವ" ಅಥವಾ "ಕಲಿಯುವ"

ಇದು ಪರೀಕ್ಷೆಗೆ ಬಂದಿರಲಿಲ್ಲ, ಆದರೆ ನನ್ನನ್ನು ಬಿಡುತ್ತಿಲ್ಲ. ಅಮೆರಿಕದ ಆ ಊರುಗಳಲ್ಲಿ ಕಲಿಯುವವರು ಹೆಚ್ಚಾಗಿ ಅಲ್ಲೇ ವಾಸಿಸುವವರು. ಅಲ್ಲೂ ಜಗಳ ಆಗಿದೆ. ಟೆಕ್ಸಾಸಿನ ಪ್ರೇರಿ ವ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಮಾತ್ರ ಬೇರೆ ಪ್ರಶ್ನಾವಳಿ ಕೊಟ್ಟು ಮತದಾರರ ಪಟ್ಟಿಯಿಂದ ದೂರ ಇಡುತ್ತಿದ್ದರು. ಅದು ತಪ್ಪೆಂಬ ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟ್ 1979ರಲ್ಲಿ ಎತ್ತಿಹಿಡಿಯಿತು.

ನಮ್ಮದು ಬೇರೆ. ನಮ್ಮ ಬೆಂಚಿನಲ್ಲಿ ನಾಲ್ವರು. ಒಬ್ಬಳು ಪೆರ್ಲ, ಒಬ್ಬಳು ಮುಳ್ಳೇರಿಯ, ಒಬ್ಬ ಕುಂಬಳೆ, ನಾನೊಬ್ಬಳು ಕಾಸರಗೋಡು ಪೇಟೆ. ಸಂಜೆ ಪೆರ್ಲದವಳು ಬ್ಯಾಗನ್ನು ಎದೆಗೆ ಒತ್ತಿ ಹಿಡಿದು ಬಸ್ಸಿಗೆ ಕಾಯುತ್ತಾಳೆ. ಮಳೆ ಬಂದರೆ ಅವಳ ಪುಸ್ತಕ ಒದ್ದೆ. ಬಸ್ ನಿಲ್ದಾಣ, ಬೀದಿ ದೀಪ ನಗರಸಭೆಯ ವಿಷಯಗಳು, ನಮ್ಮ ಸಂವಿಧಾನದ 12ನೇ ಅನುಸೂಚಿಯ 17ನೇ ಅಂಶ. ಆದರೆ ಅವಳ ವೋಟು ಎಣ್ಮಕಜೆ ಪಂಚಾಯತಿನಲ್ಲಿ. ವಾರ್ಡು ಸಭೆಯಲ್ಲಿ ಕೂರುವವರು ಆ ವಾರ್ಡಿನ ಮತದಾರರು. ಅವಳಿಗೆ ಇಲ್ಲಿ ಜಾಗವಿಲ್ಲ. ಕೌನ್ಸಿಲರ್ ಆಗಲು ಹೇಗೂ 21 ತುಂಬಬೇಕು, ಅಷ್ಟರಲ್ಲಿ ಡಿಗ್ರಿ ಮುಗಿದಿರುತ್ತದೆ.

ಹಾಗಾಗಿ ಉತ್ತರವನ್ನು ಮತ್ತೆ ಬರೆದಾಗ ಅರ್ಹತೆಯ ಸಾಲನ್ನು ಬದಲಿಸಿದೆ. "ನಗರದಲ್ಲಿ ವಾಸಿಸುವ ವಿದ್ಯಾರ್ಥಿಗಳು" ಎಂದಿದ್ದದ್ದನ್ನು ಹೊಡೆದು, "ನಗರದಲ್ಲಿ ವಾಸಿಸುವ ಅಥವಾ ಕಲಿಯುವ ವಿದ್ಯಾರ್ಥಿಗಳು" ಎಂದು ಮಾಡಿದೆ. ಪೆರ್ಲದವಳಿಗೆ ತೋರಿಸಿದೆ. ಅವಳು "ಅಥವಾ ಕಲಿಯುವ" ಎಂಬುದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಳು.