ಹೈಬ್ರಿಡ್ ಕಾರಲ್ಲಿ ಜಾಸ್ತಿ ಬ್ರೇಕ್ ಹಾಕಿದ್ರೆ ಮೈಲೇಜ್ ಜಾಸ್ತಿ ಬರುತ್ತಾ?

ಪ್ರಶ್ನೆ: ಹೈಬ್ರಿಡ್ ಕಾರಲ್ಲಿ (ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ಮೋಟಾರೂ ಇರೋ ಕಾರಲ್ಲಿ) ಬ್ರೇಕ್ ತುಳಿದಾಗ್ಲೆಲ್ಲ ಬ್ಯಾಟರಿ ಚಾರ್ಜ್ ಆಗುತ್ತೆ ಅಂತಾರೆ. ಹಾಗಾದ್ರೆ ಆಗಾಗ ಬ್ರೇಕ್ ಹಾಕ್ತಾ ಹೋದ್ರೆ ಒಳ್ಳೇದಾ? ಇಲ್ಲಾ ಮಾಮೂಲಿ ಪೆಟ್ರೋಲ್ ಕಾರಿನ ಥರಾನೇ ಬ್ರೇಕ್ ಕಮ್ಮಿ ಮಾಡ್ಬೇಕಾ?

ಉತ್ತರ: ಬ್ರೇಕ್ ಕಮ್ಮಿ ಮಾಡ್ಬೇಕು. ಹಾಕ್ಲೇಬೇಕಾದಾಗ ಮಾತ್ರ ಬೇಗ ಶುರು ಮಾಡಿ ನಿಧಾನಕ್ಕೆ ಹಾಕ್ಬೇಕು. ಇದನ್ನ ಎಷ್ಟೋ ಜನ ಉಲ್ಟಾ ಅರ್ಥ ಮಾಡ್ಕೊಂಡಿರ್ತಾರೆ, ಡ್ಯಾಶ್‌ಬೋರ್ಡಲ್ಲಿ ಚಾರ್ಜ್ ಅಂತ ಮುಳ್ಳು ಆಚೆ ಹೋದಾಗ ಏನೋ ಲಾಭ ಆಯ್ತು ಅನ್ಸುತ್ತೆ, ಆದ್ರೆ ಆ ಎನರ್ಜಿ ಮೊದಲು ಎಲ್ಲಿಂದ ಬಂತು ಅಂತ ಕೇಳಿದ್ರೆ ಉತ್ತರ ಒಂದೇ, ನಿಮ್ಮ ಟ್ಯಾಂಕಿನ ಪೆಟ್ರೋಲಿಂದ. ಪ್ಲಗ್ ಹಾಕಿ ಚಾರ್ಜ್ ಮಾಡದೇ ಇರೋ ಹೈಬ್ರಿಡ್‌ನಲ್ಲಿ ಬ್ಯಾಟರಿಯೊಳಗಿರೋ ಕರೆಂಟ್ ಪೂರ್ತಿ ಒಂದಲ್ಲ ಒಂದು ದಾರೀಲಿ ಪೆಟ್ರೋಲಿಂದಾನೇ ಬಂದಿರೋದು.

ಲೆಕ್ಕ ಹಾಕಿ ನೋಡೋಣ, ಲೆಕ್ಕ ಇಲ್ದೆ ಈ ವಿಷ್ಯ ಮನಸ್ಸಲ್ಲಿ ಕೂರಲ್ಲ. 1,500 ಕೆಜಿ ತೂಕದ ಕಾರು ಗಂಟೆಗೆ 60 ಕಿಮೀ ಸ್ಪೀಡಲ್ಲಿ ಹೋಗ್ತಿದ್ರೆ ಅದರಲ್ಲಿ ಸುಮಾರು 208 ಕಿಲೋಜೂಲ್ ಚಲನ ಶಕ್ತಿ ಇರುತ್ತೆ. ಎಂಜಿನ್ ಪೆಟ್ರೋಲಿನ ಶಕ್ತಿಯಲ್ಲಿ 35% ಮಾತ್ರ ಕೆಲಸಕ್ಕೆ ತರುತ್ತೆ ಅಂತ ಹಿಡಿದ್ರೆ, ಬರೀ ಆ ಸ್ಪೀಡಿಗೆ ಕಾರನ್ನ ತರೋಕೇ ಸುಮಾರು 18 ಎಂಎಲ್ ಪೆಟ್ರೋಲ್ ಬೇಕು. ಮಾಮೂಲಿ ಕಾರಲ್ಲಿ ಬ್ರೇಕ್ ಹಾಕಿ ನಿಲ್ಸಿದ್ರೆ ಅಷ್ಟೂ ಬ್ರೇಕ್ ಪ್ಯಾಡ್ ಬಿಸಿಯಾಗಿ ಗಾಳಿಗೆ ಹೋಯ್ತು. ಹೈಬ್ರಿಡ್‌ನಲ್ಲಿ ಒಂದು ಪಾಲು ವಾಪಸ್ ಬರುತ್ತೆ, ಆದ್ರೆ ದಾರೀಲಿ ಸೋರಿಕೆ ಇದೆ. ಚಕ್ರದಿಂದ ಮೋಟಾರಿಗೆ, ಅಲ್ಲಿಂದ ಬ್ಯಾಟರಿಗೆ, ಮತ್ತೆ ಬ್ಯಾಟರಿಯಿಂದ ಮೋಟಾರಿಗೆ, ಮೋಟಾರಿಂದ ಚಕ್ರಕ್ಕೆ, ಈ ನಾಲ್ಕು ಹಂತದಲ್ಲಿ ಒಂದೊಂದ್ರಲ್ಲೂ 10% ಹೋಗುತ್ತೆ ಅಂತಿಟ್ಕೊಳ್ಳಿ, ಕೊನೆಗೆ 100ರಲ್ಲಿ 66 ಉಳಿಯುತ್ತೆ. ಅಂದ್ರೆ 18 ಎಂಎಲ್‌ನಲ್ಲಿ 12 ಎಂಎಲ್ ಬೆಲೆಯಷ್ಟು ಸಿಕ್ತು, 6 ಎಂಎಲ್ ಹೋಯ್ತು. ಮಾಮೂಲಿ ಕಾರಿಗೆ ಹೋಲಿಸಿದ್ರೆ ಅದ್ಭುತ, ನಿಜವಾಗ್ಲೂ. ಆದ್ರೆ ಮುಂದೆ ಸಿಗ್ನಲ್ ಕೆಂಪಿದೆ ಅಂತ ದೂರದಿಂದ್ಲೇ ನೋಡಿ ಕಾಲು ತೆಗೆದು, ನಿಲ್ಲೋ ಅಗತ್ಯಾನೇ ಬರದ ಹಾಗೆ ಹೋಗಿದ್ರೆ ಆ ಶಕ್ತಿ ಇಷ್ಟೆಲ್ಲಾ ಸುತ್ತು ಹಾಕದೆ ನೇರವಾಗಿ ಕಾರನ್ನ ಮುಂದಕ್ಕೆ ತಳ್ತಿತ್ತು.

ಇನ್ನು ಈ ಬ್ರೇಕ್ ಕೆಲಸ ಮಾಡೋದು ಹೇಗೆ ಅಂದ್ರೆ, ಕಾರನ್ನ ಓಡಿಸೋ ಮೋಟಾರೇ ಬ್ರೇಕ್ ಹಾಕೋವಾಗ ಜನರೇಟರ್ ಆಗುತ್ತೆ. ಚಕ್ರ ಮೋಟಾರನ್ನ ತಿರುಗಿಸುತ್ತೆ, ಕರೆಂಟ್ ಹುಟ್ಟುತ್ತೆ, ಹಾಗೆ ಕರೆಂಟ್ ತೆಗೆಯೋವಾಗ ಅಯಸ್ಕಾಂತದ ಎಳೆತ ತಿರುಗೋದಕ್ಕೆ ಅಡ್ಡ ನಿಲ್ಲುತ್ತೆ, ಆ ಎಳೆತದಿಂದಾನೇ ಕಾರು ಸ್ಲೋ ಆಗೋದು. ಇದು ಹೊಸ ವಿದ್ಯೆ ಏನಲ್ಲ, ಎಲೆಕ್ಟ್ರಿಕ್ ರೈಲುಗಳಲ್ಲಿ ನೂರು ವರ್ಷದ ಹಿಂದೇನೇ ಇತ್ತು, 1997ರಲ್ಲಿ ಜಪಾನ್‌ನಲ್ಲಿ ಟೊಯೋಟಾ ಪ್ರಿಯಸ್ ಅನ್ನೋ ಹೈಬ್ರಿಡ್ ಕಾರು ಬಂದ ಮೇಲೆ ಸಾಮಾನ್ಯ ಜನ ಓಡಿಸೋ ಕಾರಿಗೂ ಬಂತು.

ಈಗ ನಿಧಾನಕ್ಕೆ ಬ್ರೇಕ್ ಹಾಕಿ ಅಂತ ಯಾಕೆ ಹೇಳ್ತಾರೆ ಅನ್ನೋದು, ನನ್ನ ಪ್ರಕಾರ ಇಡೀ ವಿಷ್ಯದಲ್ಲಿ ತುಂಬಾ ಮುಖ್ಯವಾದದ್ದು ಇದೇ. ಅದೇ 208 ಕಿಲೋಜೂಲನ್ನ 3 ಸೆಕೆಂಡಲ್ಲಿ ನಿಲ್ಸಿದ್ರೆ ಸರಾಸರಿ 69 ಕಿಲೋವ್ಯಾಟ್ ಪವರ್ ಆಗುತ್ತೆ, 12 ಸೆಕೆಂಡ್ ತಗೊಂಡ್ರೆ 17 ಕಿಲೋವ್ಯಾಟ್ ಅಷ್ಟೇ. ಹೈಬ್ರಿಡ್‌ನ ಬ್ಯಾಟರಿ ಚಿಕ್ಕದು, ಅಷ್ಟು ದೊಡ್ಡ ಪವರನ್ನ ಒಂದೇ ಸಲಕ್ಕೆ ನುಂಗೋಕಾಗಲ್ಲ, ಮೋಟಾರಿಗೂ ಒಂದು ಮಿತಿ ಇದೆ. ಮಿತಿ ದಾಟಿದ ಮೇಲೆ ಕಂಪ್ಯೂಟರ್ ಸದ್ದಿಲ್ದೆ ಮಾಮೂಲಿ ಬ್ರೇಕ್ ಪ್ಯಾಡನ್ನೂ ಸೇರಿಸುತ್ತೆ, ಪೆಡಲ್ ಕೆಳಗೆ ನಿಮಗೆ ಗೊತ್ತೂ ಆಗಲ್ಲ, ಆದ್ರೆ ಪ್ಯಾಡಿಗೆ ಹೋದದ್ದು ಹೋದಂಗೇ, ಬರೀ ಬಿಸಿ. ಅದಕ್ಕೇ ದೂರದಿಂದ್ಲೇ ಹಗುರವಾಗಿ ಬ್ರೇಕ್ ಶುರು ಮಾಡೋದು. ತೀರಾ ಕಮ್ಮಿ ಸ್ಪೀಡಿಗೆ ಬಂದಾಗ್ಲೂ ಮೋಟಾರ್ ಬ್ರೇಕ್ ಕೈ ಬಿಡುತ್ತೆ, ಕೊನೇಲಿ ನಿಲ್ಸೋದು ಪ್ಯಾಡೇ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂಗೆ ತಡೆಯೋ ವ್ಯವಸ್ಥೆ) ಕೆಲಸ ಮಾಡೋ ಅಷ್ಟು ಜಾರೋ ರಸ್ತೇಲೂ ಅಷ್ಟೇ. ಎಮರ್ಜೆನ್ಸಿ ಬಂದಾಗ ಮಾತ್ರ ಇದ್ಯಾವುದನ್ನೂ ಯೋಚಿಸ್ಬೇಡಿ, ಜೋರಾಗಿ ತುಳೀರಿ, 18 ಎಂಎಲ್ ಪೆಟ್ರೋಲಿಗಿಂತ ಜೀವ ದೊಡ್ಡದು.

ಇನ್ನೊಂದು, ಕಾಲು ತೆಗೆದ ತಕ್ಷಣ ಕಾರು ಸ್ವಲ್ಪ ಹಿಡಿದಂಗಾಗುತ್ತಲ್ಲ, ಆಗ್ಲೂ ಸಣ್ಣದಾಗಿ ಚಾರ್ಜಿಂಗ್ ನಡೀತಿರುತ್ತೆ, ಮಾಮೂಲಿ ಕಾರಿನ ಎಂಜಿನ್ ಬ್ರೇಕಿಂಗ್ ಥರ ಅನ್ಸಲಿ ಅಂತ ಕಂಪನಿಯವ್ರೇ ಹಾಗೆ ಸೆಟ್ ಮಾಡಿರ್ತಾರೆ. ಮುಂದೆ ರಸ್ತೆ ಖಾಲಿ ಇದೆ, ನಿಲ್ಲೋದೇನೂ ಇಲ್ಲ ಅಂದ್ರೆ ಆಕ್ಸಲರೇಟರ್ ಮೇಲೆ ಕಾಲನ್ನ ಕೂದಲೆಳೆಯಷ್ಟು ಒತ್ತಿ ಹಿಡಿದು ಮುಳ್ಳನ್ನ ಚಾರ್ಜೂ ಅಲ್ಲ ಪವರೂ ಅಲ್ಲ ಅನ್ನೋ ಜಾಗದಲ್ಲಿ ಇಡಿ, ಕಾರು ತನ್ನಷ್ಟಕ್ಕೆ ತೇಲ್ಕೊಂಡು ಹೋಗುತ್ತೆ. ಇದಕ್ಕೆ ನ್ಯೂಟ್ರಲ್ ಹಾಕೋದು ತಪ್ಪು, ಟೊಯೋಟಾ ಥರದ ಸಿಸ್ಟಮ್‌ನಲ್ಲಿ ನ್ಯೂಟ್ರಲ್ ಇದ್ರೆ ಬ್ರೇಕ್ ತುಳಿದ್ರೂ ಬ್ಯಾಟರಿ ಚಾರ್ಜೇ ಆಗಲ್ಲ.

ಬರೀ ಬ್ಯಾಟರೀಲಿ ಓಡ್ತಿದೆ ಅಂತ ತೋರಿಸೋ ಇವಿ ಲೈಟ್ ಆರಬಾರ್ದು ಅಂತ ತೆವಳ್ಕೊಂಡು ಪಿಕಪ್ ತಗೊಳ್ಳೋರೂ ಇದ್ದಾರೆ, ಹಿಂದಿನವ್ರು ಹಾರ್ನ್ ಹೊಡೀತಿದ್ರೂ. ಇದು ದಯವಿಟ್ಟು ಬೇಡ. ಬ್ಯಾಟರಿ ಖಾಲಿ ಆದ ಮೇಲೆ ಎಂಜಿನ್ ಆನ್ ಆಗಿ ಅದನ್ನ ಮತ್ತೆ ತುಂಬ್ಲೇಬೇಕು, ಆಗ ಮೇಲೆ ಹೇಳಿದ ಥರದ ಸೋರಿಕೆ ಮತ್ತೆ ಆಗುತ್ತೆ. ಪೆಟ್ರೋಲ್ ಎಂಜಿನ್ನಿಗೆ ತೀರಾ ಕಮ್ಮಿ ಲೋಡಲ್ಲಿ ಓಡೋದು ಆಗಿಬರಲ್ಲ, ಮಧ್ಯಮ ಲೋಡ್ ಕೊಟ್ರೆ ಅದು ಚೆನ್ನಾಗಿ ಕೆಲಸ ಮಾಡುತ್ತೆ, ಹೈಬ್ರಿಡ್‌ನ ಅಸಲಿ ಉಪಾಯ ಇರೋದೇ ಎಂಜಿನ್ನನ್ನ ಅಂಥಾ ಹೊತ್ತಲ್ಲಿ ಓಡ್ಸಿ, ಮಿಕ್ಕ ಹೊತ್ತಲ್ಲಿ ಪೂರ್ತಿ ಆಫ್ ಮಾಡೋದ್ರಲ್ಲಿ. ಹಾಗಾಗಿ ಧೈರ್ಯವಾಗಿ, ಆದ್ರೆ ಹದವಾಗಿ ಎಂಜಿನ್ ಜೊತೆ ಪಿಕಪ್ ತಗೊಳ್ಳಿ, ಬೇಕಾದ ಸ್ಪೀಡ್ ಬಂದ ಮೇಲೆ ಕಾಲು ಸಡಿಲ ಮಾಡಿ, ಎಂಜಿನ್ ತಾನೇ ಆಫ್ ಆಗುತ್ತೆ. ಜಾಮಲ್ಲಿ ಇಂಚಿಂಚು ಹೋಗೋವಾಗ ಇವಿಯಲ್ಲಿ ಇರೋದು ಸರೀನೇ, ಅಲ್ಲಿ ಕಾರೇ ಅದನ್ನ ನೋಡ್ಕೊಳ್ಳುತ್ತೆ.

ಘಾಟಿ ಇಳಿಯೋದು ಬೇರೇನೇ ಕಥೆ. ಅದೇ 1,500 ಕೆಜಿ ಕಾರು 300 ಮೀಟರ್ ಎತ್ತರದಿಂದ ಕೆಳಗೆ ಬಂದ್ರೆ ಸುಮಾರು 1.2 ಕಿಲೋವ್ಯಾಟ್ ಅವರ್ ಶಕ್ತಿ ಹೊರಗೆ ಬರುತ್ತೆ, ಎರಡನೇ ಮತ್ತೆ ಮೂರನೇ ತಲೆಮಾರಿನ ಪ್ರಿಯಸ್‌ನ ಇಡೀ ಬ್ಯಾಟರೀನೇ ಸುಮಾರು 1.3, ಅದರಲ್ಲೂ ಬ್ಯಾಟರಿ ಬಾಳಿಕೆ ಬರ್ಲಿ ಅಂತ ಒಂದು ಭಾಗ ಮಾತ್ರ ಬಳಸ್ತಾರೆ. ಸ್ವಲ್ಪ ಪಾಲು ಗಾಳಿಗೆ, ಟೈರಿಗೆ ಹೋದ್ರೂ ಬ್ಯಾಟರಿ ಬೇಗ ತುಂಬ್ಕೊಳ್ಳುತ್ತೆ, ಆಮೇಲೆ ಹಿಡಿಯೋಕೆ ಮೋಟಾರಿಂದ ಆಗಲ್ಲ. ಗೇರ್ ಲಿವರಲ್ಲಿ ಬಿ ಮೋಡ್ ಕೊಟ್ಟಿರೋದು ಇಂಥಾ ಉದ್ದದ ಇಳಿಜಾರಿಗೆ, ಅದು ಪೆಟ್ರೋಲ್ ಹಾಕದೆ ಎಂಜಿನ್ನನ್ನ ಸುಮ್ನೆ ತಿರುಗ್ಸಿ ಸ್ಪೀಡ್ ತಡೆಯುತ್ತೆ, ಪ್ಯಾಡ್ ಸುಡೋದು ತಪ್ಪುತ್ತೆ. ಸಮತಟ್ಟು ರಸ್ತೇಲಿ ಜಾಸ್ತಿ ಚಾರ್ಜ್ ಆಗ್ಲಿ ಅಂತ ಬಿ ಹಾಕಿದ್ರೆ ಬ್ಯಾಟರಿಗೆ ಹೋಗ್ಬೇಕಾದ ಶಕ್ತಿ ಎಂಜಿನ್ ತಿರುಗ್ಸೋದ್ರಲ್ಲೇ ಹೋಗುತ್ತೆ, ಅಲ್ಲಿ ಮಾಮೂಲಿಯಾಗಿ ಓಡ್ಸೋ ಡಿ ಮೋಡ್ ಸಾಕು.

ಹೈವೇಲಿ ಒಂದೇ ಸ್ಪೀಡಲ್ಲಿ ಹೋಗೋವಾಗ ಬ್ರೇಕೇ ಇಲ್ಲ ಅಂದ್ಮೇಲೆ ವಾಪಸ್ ಬರೋದೂ ಇಲ್ಲ. ಅಲ್ಲಿ ಗಾಳಿನೇ ಶತ್ರು, 80ರಿಂದ 100ಕ್ಕೆ ಏರಿದ್ರೆ ಗಾಳಿಯ ತಡೆ 56% ಜಾಸ್ತಿ ಆಗುತ್ತೆ, ಯಾವ ಮೋಟಾರೂ ಅದನ್ನ ವಾಪಸ್ ತರಲ್ಲ. ಸಿಟೀಲಿ ಕಾಣೋ ವ್ಯತ್ಯಾಸ ಹೈವೇಲಿ ಕಾಣದೇ ಇರೋದಕ್ಕೆ ದೊಡ್ಡ ಕಾರಣ ಇದು. ಮೈಲ್ಡ್ ಹೈಬ್ರಿಡ್ (ಮೋಟಾರ್ ಎಂಜಿನ್ನಿಗೆ ಸ್ವಲ್ಪ ಸಹಾಯ ಮಾತ್ರ ಮಾಡೋ ಥರದ್ದು) ಆದ್ರೆ ಮೋಟಾರೇ ಪುಟ್ಟದು, ವಾಪಸ್ ಬರೋದೂ ಪುಟ್ಟದೇ, ಮೇಲಿನ ಲೆಕ್ಕವನ್ನ ಅದಕ್ಕೆ ಹಾಗೇ ಹಾಕ್ಬೇಡಿ.

ಹೀಗೆ ಓಡಿಸ್ತಾ ಹೋದ್ರೆ ಬ್ರೇಕ್ ಪ್ಯಾಡ್ ತುಂಬಾ ಕಾಲ ಬರುತ್ತೆ, ಆದ್ರೆ ಬಳಕೆ ಕಮ್ಮಿ ಆಗಿ ಡಿಸ್ಕ್ ಮೇಲೆ ತುಕ್ಕು ಕೂರೋದೂ ಉಂಟು, ಸರ್ವಿಸ್ ಟೈಮಲ್ಲಿ ಕ್ಯಾಲಿಪರ್ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ಸಲೀಸಾಗಿ ಆಡುತ್ತಾ ಅಂತ ನೋಡೋಕೆ ಹೇಳಿ. ಪ್ಯಾಡ್ ಸವೆದಿಲ್ಲ ಅಂತ ಬ್ರೇಕ್ ಫ್ಲೂಯಿಡ್ ಬದಲಾಯಿಸೋದನ್ನ ಮುಂದಕ್ಕೆ ಹಾಕ್ಬೇಡಿ, ಬ್ರೇಕ್ ಬಳಸಿದ್ರೂ ಬಿಟ್ರೂ ಅದು ತೇವ ಹೀರ್ಕೊಳ್ತಾನೇ ಇರುತ್ತೆ.